ವಿಡಿಯೋ ಯಾರ ಕೈಯಲ್ಲಿದೆ ಎಂದು ಮೊದಲು ಕೇಳೋಣ

ಮೂಡಿಗೆರೆಯ ಓದುಗರೊಬ್ಬರ ಪತ್ರ: "ಅಮೆರಿಕದ ಶಾಲೆಗಳಲ್ಲಿ ಗುಂಡಿನ ದಾಳಿ ಆದಾಗಲೆಲ್ಲ ಪೊಲೀಸರು ವಿಡಿಯೋ ಬಚ್ಚಿಡುತ್ತಾರೆ. ಮೂಲೆಮೂಲೆಗೂ ಕ್ಯಾಮೆರಾ ಇರುವ ದೇಶ ಅದು. ನಿಜ ಆಗಿದ್ದರೆ ತೋರಿಸೋಕೆ ಏನು ಕಷ್ಟ? ಸ್ಯಾಂಡಿ ಹುಕ್ ಶಾಲೆಯ ಘಟನೆ ನಡೆದೇ ಇಲ್ಲ, ಎಲ್ಲ ನಾಟಕ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಓಡಾಡುತ್ತಿದೆ. ಪತ್ರಿಕೆಯವರು ಯಾಕೆ ಸುಮ್ಮನಿದ್ದೀರಿ? ನಿಮ್ಮ ಕೈಗೇ ಅಂಥ ವಿಡಿಯೋ ಸಿಕ್ಕಿದ್ದರೆ ಹಾಕುತ್ತಿದ್ದಿರಾ?"

ನಿಮ್ಮ ಅನುಮಾನದಲ್ಲಿ ಅರ್ಧ ನನ್ನದೂ ಹೌದು. ಇನ್ನರ್ಧವನ್ನು ಒಪ್ಪಲಾರೆ. ಎರಡಕ್ಕೂ ಕಾರಣ ಹೇಳುತ್ತೇನೆ.

ಒಪ್ಪುವ ಅರ್ಧ ಯುವಾಲ್ಡಿ ಊರಿನದು. 2022ರ ಮೇ 24ರಂದು ಟೆಕ್ಸಸ್ ರಾಜ್ಯದ ಈ ಸಣ್ಣ ಊರಿನ ರಾಬ್ ಪ್ರಾಥಮಿಕ ಶಾಲೆಗೆ ಬಂದೂಕು ಹಿಡಿದ ಯುವಕನೊಬ್ಬ ನುಗ್ಗಿದ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಮರುದಿನ ಅಲ್ಲಿನ ಗವರ್ನರ್ ಪೊಲೀಸರ ಧೈರ್ಯವನ್ನು ಹೊಗಳಿದರು. ಶಾಲೆಯ ಪೊಲೀಸ್ ಒಬ್ಬರು ಅವನನ್ನು ಹೊರಗೇ ಎದುರಿಸಿದರು ಎಂದು ಅಧಿಕಾರಿಗಳು ಮೊದಲು ಹೇಳಿದರು. ಆಮೇಲೆ, ಯಾರೂ ಎದುರಿಸಿರಲಿಲ್ಲ ಎಂದರು. ಶಿಕ್ಷಕಿಯೊಬ್ಬರು ಬಾಗಿಲು ತೆರೆದಿಟ್ಟಿದ್ದರು, ಅಲ್ಲಿಂದಲೇ ಅವನು ಒಳಗೆ ಬಂದ ಎಂದೂ ಹೇಳಿದರು. ವಿಡಿಯೋ ಪರಿಶೀಲಿಸಿದಾಗ ಆಕೆ ಬಾಗಿಲು ಎಳೆದು ಮುಚ್ಚಿದ್ದು ಗೊತ್ತಾಯಿತು. ಅದು ಲಾಕ್ ಆಗಿರಲಿಲ್ಲ, ಅಷ್ಟೆ. ಕಣ್ಣೆದುರೇ ಮಕ್ಕಳನ್ನು ಕಳೆದುಕೊಂಡ ಶಾಲೆಯ ಶಿಕ್ಷಕಿ, ಅದರ ಜೊತೆಗೆ ಈ ಅಪವಾದವನ್ನೂ ಹೊರಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಶಾಲೆಯೊಳಗಿನ ಓಣಿಯ, ಅಂದರೆ ಕಾರಿಡಾರಿನ, ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ತನಿಖೆ ನಡೆಯುತ್ತಿದೆ ಎಂಬ ಕಾರಣಕ್ಕೆ ಅದನ್ನು ಬಿಡುಗಡೆ ಮಾಡಲಿಲ್ಲ. ಜುಲೈ 12ರಂದು ಆಸ್ಟಿನ್ ಅಮೆರಿಕನ್-ಸ್ಟೇಟ್ಸ್‌ಮನ್ ಪತ್ರಿಕೆ ಮತ್ತು ಅದೇ ನಗರದ ಟಿವಿ ಚಾನೆಲ್ ಒಂದು ಅದನ್ನು ಹೊರಗೆ ತಂದವು. ಶಸ್ತ್ರಸಜ್ಜಿತ ಪೊಲೀಸರು ಓಣಿಯಲ್ಲಿ ಕಾಯುತ್ತಾ ನಿಂತಿದ್ದನ್ನು ಜನ ಕಣ್ಣಾರೆ ಕಂಡರು. ಒಬ್ಬ ಗೋಡೆಯ ಮೇಲಿದ್ದ ಸ್ಯಾನಿಟೈಸರ್ ತೆಗೆದುಕೊಂಡು ಕೈ ಉಜ್ಜಿಕೊಳ್ಳುತ್ತಿದ್ದ. ದಾಳಿಕೋರ ಒಳಹೊಕ್ಕ ಮೇಲೆ ಪೊಲೀಸರು ಆ ತರಗತಿಗೆ ನುಗ್ಗಲು 77 ನಿಮಿಷ ಹಿಡಿಯಿತು. ಆ ದಿನ ಅಲ್ಲಿಗೆ ಬಂದಿದ್ದ ಬೇರೆ ಬೇರೆ ಇಲಾಖೆಗಳ ಸಿಬ್ಬಂದಿ ಒಟ್ಟು 376 ಎಂದು ಟೆಕ್ಸಸ್ ಶಾಸನಸಭೆಯ ಸಮಿತಿ ಲೆಕ್ಕ ಕೊಟ್ಟಿತು.

ಇಲ್ಲಿ ಕಾನೂನಿನದ್ದೂ ಒಂದು ಕಥೆ ಇದೆ. ಶಿಕ್ಷೆಯಲ್ಲಿ ಮುಗಿಯದ ಪ್ರಕರಣದ ದಾಖಲೆಗಳನ್ನು ಪೊಲೀಸರು ಕೊಡದೇ ಇರಬಹುದು ಅಂತ ಟೆಕ್ಸಸ್‌ನ ಮಾಹಿತಿ ಕಾನೂನು ಹೇಳುತ್ತದೆ. ತಪ್ಪು ಸಾಬೀತಾಗದವರ ಮಾನ ಕಾಯಲು ಹುಟ್ಟಿದ ನಿಯಮ ಅದು. ಆದರೆ ದಾಳಿಕೋರ ಸ್ಥಳದಲ್ಲೇ ಸತ್ತರೆ ವಿಚಾರಣೆಯೇ ಇಲ್ಲ, ಶಿಕ್ಷೆಯೂ ಇಲ್ಲ. ಆಗ ಅದೇ ನಿಯಮ ಪೊಲೀಸರ ಗುರಾಣಿ ಆಗಬಹುದು. ನಮ್ಮ ಮುಂಬೈ ದಾಳಿಯಲ್ಲಿ ಕಸಬ್ ಜೀವಂತ ಸಿಕ್ಕ. ಹಾಗಾಗಿ ರೈಲು ನಿಲ್ದಾಣದ ಫೋಟೊಗಳು, ಸಿಸಿಟಿವಿ ದೃಶ್ಯಗಳು ಕೋರ್ಟಿಗೆ ಬಂದವು, ಎದುರು ವಕೀಲರೂ ನೋಡಿದರು, ಪ್ರಶ್ನಿಸಿದರು. ಯುವಾಲ್ಡಿಯ ದಾಳಿಕೋರ ಸತ್ತದ್ದರಿಂದ ಅವನ ಮೇಲೆ ಅಂಥ ಮೊಕದ್ದಮೆಯೇ ನಡೆಯಲಿಲ್ಲ. ಮಾಧ್ಯಮ ಸಂಸ್ಥೆಗಳು ಕೋರ್ಟ್ ಹತ್ತಿದ ಮೇಲೆ, 2024ರ ಆಗಸ್ಟ್‌ನಲ್ಲಿ, ನಗರ ಪೊಲೀಸರು ಧರಿಸಿದ್ದ ಕ್ಯಾಮೆರಾಗಳ ದೃಶ್ಯಗಳು ಹೊರಬಂದವು. ಎರಡು ವರ್ಷಕ್ಕಿಂತ ಜಾಸ್ತಿ ಆಗಿತ್ತು.

ಹಾಗಾಗಿ ನನ್ನ ಅಳತೆ ಇಷ್ಟೇ. ವಿಡಿಯೋದಲ್ಲಿ ಯಾರ ನಡತೆ ಕಾಣುತ್ತದೋ, ಅದರ ಬೀಗದಕೈ ಅವರ ಬಳಿಯೇ ಇದ್ದರೆ ಅನುಮಾನಪಡಿ. ಗಟ್ಟಿಯಾಗಿಯೇ ಕೇಳಿ.

ಸ್ಯಾಂಡಿ ಹುಕ್ ಹಾಗಲ್ಲ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ 20 ಪುಟ್ಟ ಮಕ್ಕಳು, ಶಾಲೆಯ ಆರು ಸಿಬ್ಬಂದಿ ಸತ್ತರು. ಅಲ್ಲಿ ಮಕ್ಕಳ ದೇಹಗಳ ಚಿತ್ರಗಳನ್ನು ಬಿಡುಗಡೆ ಮಾಡಬೇಡಿ ಎಂದು ಬೇಡಿಕೊಂಡವರು ಹೆತ್ತವರು. ಅವರ ಮಾತು ಕೇಳಿ 2013ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಹಾಗಂತ ಎಲ್ಲವನ್ನೂ ಮುಚ್ಚಿಡಲಿಲ್ಲ. ಸಹಾಯಕ್ಕಾಗಿ ಬಂದ ಫೋನ್ ಕರೆಗಳ ಧ್ವನಿ ಕೋರ್ಟ್ ಆದೇಶದಿಂದ ಹೊರಬಂತು. ಸಾವಿರಾರು ಪುಟಗಳ ತನಿಖಾ ದಾಖಲೆ ಪ್ರಕಟವಾಯಿತು. ನಿಮ್ಮ ಗುಂಪಿನಲ್ಲಿ ಆ ಸಂದೇಶ ಹಾಕಿದವರು ಅದರಲ್ಲಿ ಒಂದು ಪುಟವನ್ನಾದರೂ ಓದಿದ್ದಾರಾ, ಕೇಳಿ ನೋಡಿ.

ವಿಡಿಯೋ ತೋರಿಸಿದ್ದರೆ ಬಾಯಿ ಮುಚ್ಚುತ್ತಿದ್ದರಲ್ಲ ಅನ್ನುತ್ತೀರಿ. ಇಲ್ಲ. ಅಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು, ಜನ ನಂಬಲಿ ಎಂದು ಮಗುವಿನ ಮರಣ ಪ್ರಮಾಣಪತ್ರವನ್ನೇ ತೋರಿಸಿದರು. ನಾಟಕ ಎನ್ನುವವರು ಅದೂ ನಕಲಿ ಎಂದರು. ಆ ತಂದೆಗೆ ಕೊಲೆ ಬೆದರಿಕೆ ಬಂತು, ಮತ್ತೆ ಮತ್ತೆ ಮನೆ ಬದಲಿಸಬೇಕಾಯಿತು. ನಾಟಕ ಎಂಬ ಮಾತನ್ನು ವರ್ಷಗಟ್ಟಲೆ ಹರಡಿದ ಅಮೆರಿಕದ ರೇಡಿಯೋ ನಿರೂಪಕ ಅಲೆಕ್ಸ್ ಜೋನ್ಸ್ ಸಂತ್ರಸ್ತ ಕುಟುಂಬಗಳಿಗೆ ಮತ್ತು ಒಬ್ಬ ತನಿಖಾಧಿಕಾರಿಗೆ 96.5 ಕೋಟಿ ಡಾಲರ್ ಕೊಡಬೇಕು ಎಂದು 2022ರ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್‌ನ ಜ್ಯೂರಿ ತೀರ್ಮಾನಿಸಿತು. ಘಟನೆ ನಡೆದದ್ದು ನಿಜ ಅಂತ ಅವನೇ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದಾನೆ. ನಿಮಗೆ ಬಂದ ಸಂದೇಶದ ಬೇರು ಇಂಥವರ ಮಾತಿನಲ್ಲಿದೆ.

ವಿಡಿಯೋ ಬೀದಿಗೆ ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ನಮ್ಮ ಹಾಸನದಲ್ಲೇ ಲೈಂಗಿಕ ದೌರ್ಜನ್ಯದ ವಿಡಿಯೋಗಳಿದ್ದ ಪೆನ್‌ಡ್ರೈವ್‌ಗಳು ಓಡಾಡಿದವು. ಅಪರಾಧ ಬೇರೆ ಥರದ್ದು, ಒಪ್ಪುತ್ತೇನೆ. ಆದರೆ ಸಾಕ್ಷ್ಯವಾಗಿ ತನಿಖಾಧಿಕಾರಿಯ ಕೈ ಸೇರಬೇಕಿದ್ದದ್ದು, ಹೆಣ್ಣುಮಕ್ಕಳ ಮುಖ ಕಾಣುವ ಹಾಗೆ ಊರೂರು ಸುತ್ತಿತು. ಅಂಥ ವಿಡಿಯೋ ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ನೊಂದವರಿಗೆ ಎರಡನೇ ಸಲ ನೋವು ಕೊಟ್ಟವರು ನೋಡಿದವರು, ಕಳಿಸಿದವರು. ನಾವೇ, ಅಲ್ವಾ?

ನಮ್ಮಲ್ಲೂ ಕೇಳುವ ದಾರಿಗಳಿವೆ. ತನಿಖೆಗೆ ಅಡ್ಡಿಯಾಗುತ್ತದೆ ಎಂದು ಮಾಹಿತಿ ನಿರಾಕರಿಸಲು 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಅವಕಾಶ ಕೊಡುತ್ತದೆ ನಿಜ. ಆದರೆ ತನಿಖೆ ನಡೆಯುತ್ತಿದೆ ಅಂದರಷ್ಟೇ ಸಾಲದು, ಹೇಗೆ ಅಡ್ಡಿ ಎಂದು ತೋರಿಸಬೇಕು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ. ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅನುಮಾನಕ್ಕೆ ಕೆಲಸ ಕೊಡಬೇಕೆಂದರೆ ಇಲ್ಲಿ ಬೇಕಾದಷ್ಟಿದೆ.

ಕೊನೆಗೆ ನಿಮ್ಮ ನೇರ ಪ್ರಶ್ನೆ. ಯುವಾಲ್ಡಿಯ ಓಣಿಯ ವಿಡಿಯೋ ನಮಗೆ ಸಿಕ್ಕಿದ್ದರೆ ಹಾಕುತ್ತಿದ್ದೆವು. ಆ ಪತ್ರಿಕೆ ಮಕ್ಕಳ ಕಿರುಚಾಟವನ್ನು ಅಳಿಸಿ ಹಾಕಿತ್ತು, ಅದು ಸರಿ. ಆದರೆ ಅಧಿಕಾರಿಗಳು ಅದನ್ನು ಹೆತ್ತವರಿಗೆ ತೋರಿಸಲು ಅದೇ ವಾರದ ಕೊನೆಗೆ ದಿನ ಗೊತ್ತು ಮಾಡಿದ್ದರು. ಅಷ್ಟರೊಳಗೆ ಅದು ಪರದೆ ಮೇಲೆ ಬಂತು, ಅವರಲ್ಲಿ ಎಷ್ಟೋ ಜನ ಕುಸಿದುಹೋದರು. ನಾವಾಗಿದ್ದರೆ ಮೊದಲು ಆ ಮನೆಗಳ ಬಾಗಿಲು ತಟ್ಟುತ್ತಿದ್ದೆವು. ಅವರೆಲ್ಲ ನೋಡುವವರೆಗೆ, ಅಥವಾ ನೋಡುವುದಿಲ್ಲ ಎಂದು ಹೇಳುವವರೆಗೆ ಕಾಯುತ್ತಿದ್ದೆವು. ಆಮೇಲೆ, ಪೊಲೀಸರು ಎಷ್ಟೇ ಬೇಡ ಎಂದರೂ, ಆ 77 ನಿಮಿಷವನ್ನು ಪೂರ್ತಿ ಪ್ರಕಟಿಸುತ್ತಿದ್ದೆವು.

— ಸಂಪಾದಕ, ಹಾಸನ