ಹತ್ತು ಕಿ.ಮೀ. ವೇಗ, ಮ್ಯಾರಥಾನ್ ಲೆಕ್ಕ

ಪ್ರಶ್ನೆ: ನಾನು 10 ಕಿ.ಮೀ. 50 ನಿಮಿಷಕ್ಕೆ ಓಡ್ತೀನಿ. ಲೆಕ್ಕದ ಪ್ರಕಾರ ಮ್ಯಾರಥಾನ್ 3 ಗಂಟೆ 50 ನಿಮಿಷಕ್ಕೆ ಮುಗಿಬೇಕಿತ್ತು. ಆದರೆ 30 ಕಿ.ಮೀ. ದಾಟಿದ ಮೇಲೆ ಕಾಲೇ ಏಳಲಿಲ್ಲ, 4:25 ಆಯ್ತು. ಯಾಕೆ?
– ಓದುಗರು, ಕಲಬುರಗಿ

ಉತ್ತರ: ನೀವು ಹಾಕಿದ ಲೆಕ್ಕ, ಒಂದು ದೂರದ ಸಮಯದಿಂದ ಇನ್ನೊಂದರ ಸಮಯ ಅಂದಾಜಿಸುವ ರೀಗಲ್ ಸೂತ್ರ: ದೂರದ ಅನುಪಾತಕ್ಕೆ (ಹೊಸ ದೂರ ÷ ಹಳೆಯ ದೂರ) 1.06 ಘಾತ ಹಾಕಿ ಹಳೆಯ ಸಮಯದಿಂದ ಗುಣಿಸುವುದು. ಗಣಿತ ಸರಿಯೇ ಇದೆ. ಆದರೆ ವಾರಕ್ಕೆ 30–40 ಕಿ.ಮೀ. ಮಾತ್ರ ಓಡುವವರ ವೇಗ ದೂರ ಹೆಚ್ಚಿದಂತೆ ಇನ್ನೂ ಬೇಗ ಕುಸಿಯುತ್ತದೆ. ಘಾತ 1.12 ಇಟ್ಟರೆ 4:11 ಬರುತ್ತದೆ. ನಿಮಗೆ ಅದೇ ಹತ್ತಿರ. ಕಿ.ಮೀ.ಗೆ 5 ನಿಮಿಷ 27 ಸೆಕೆಂಡಿನ ಬದಲು 5 ನಿಮಿಷ 57 ಸೆಕೆಂಡಿನ ವೇಗದಲ್ಲಿ ಹೊರಡಬೇಕಿತ್ತು. ವೇಗ ಹೆಚ್ಚಿದಷ್ಟೂ ಸ್ನಾಯುವಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆಯ ಇಂಧನ) ಬೇಗ ಖಾಲಿ. ಕಾಲು ನಿಂತದ್ದು ಬಹುಪಾಲು ಅದಕ್ಕೇ.

ಮೊದಲು ಹಾಫ್ ಮ್ಯಾರಥಾನ್ ಓಡಿ ನೋಡಿ. 1:50ರ ಆಸುಪಾಸು ಬರದೆ 1:57 ಆದರೆ ಕೊರತೆ ವೇಗದ್ದಲ್ಲ, ದಮ್ಮಿನದು. ಆಗ ಟ್ರ್ಯಾಕ್ ಮೇಲಿನ 400 ಮೀಟರ್ ಓಟ ಕಡಿಮೆ ಮಾಡಿ, ಭಾನುವಾರದ ಉದ್ದ ಓಟವನ್ನು ನಿಧಾನಕ್ಕೆ 28–30 ಕಿ.ಮೀ.ಗೆ ಏರಿಸಿ. ಓಡುವಾಗ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಇನ್ನು ನಮ್ಮ ಬಿಸಿಲು: ಮಾರ್ಚ್ ನಂತರ ಉದ್ದ ಓಟವನ್ನು ನಸುಕಿನಲ್ಲೇ ಮುಗಿಸಿ, ತಂಪಿನಲ್ಲಿ ಬಂದ 10 ಕಿ.ಮೀ. ಸಮಯದಿಂದ ಬಿಸಿಲಿನ ಮ್ಯಾರಥಾನ್ ಲೆಕ್ಕ ಹಾಕಲೇಬೇಡಿ.