ಮಂಡಿ ಊತಕ್ಕೆ ಹುತ್ತದ ಮಣ್ಣು: ಹಚ್ಚಬಹುದಾ, ಕುಡಿಯಬಹುದಾ?

ಮದ್ದೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮತ್ತೆಗೆ ಎರಡೂ ಮಂಡಿ ಊದಿಕೊಳ್ಳುತ್ತೆ. ನಮ್ಮ ಭಾವ ಹುತ್ತದ ಮಣ್ಣಿನ ಪಟ್ಟು ಹಾಕ್ತಾರೆ. ಜೇಡಿಗೆ ಉರಿಯೂತ ಇಳಿಸೋ ಗುಣ ಇದೆ ಅಂತ ವಿಜ್ಞಾನಿಗಳೇ ಹೇಳಿದ್ದಾರಂತೆ. ಅದನ್ನು ಓದಿ ಮಗ ಬೆಂಟೊನೈಟ್ ಅನ್ನೋ ಜೇಡಿ ಪುಡಿ ತರಿಸಿದ್ದಾನೆ. ನೀರಿಗೆ ಬೆರೆಸಿ ಕುಡಿದರೆ ಒಳಗಿನ ನಂಜೆಲ್ಲ ಹೋಗುತ್ತೆ ಅಂತ ಪ್ಯಾಕೆಟ್ ಮೇಲಿದೆ. ಯಾರ ಮಾತು ಕೇಳಲಿ?"

ಪುಡಿ ಕುಡಿಸಬೇಡಿ. ಇದಿಷ್ಟು ಮೊದಲೇ ಹೇಳಿಬಿಡುತ್ತೇನೆ. ಮಿಕ್ಕಿದ್ದನ್ನು ನಿಧಾನವಾಗಿ ಮಾತಾಡೋಣ.

ಮಗ ಓದಿದ್ದು ಸುಳ್ಳಲ್ಲ. ಅಂಥ ಪ್ರಯೋಗಗಳು ನಡೆದಿವೆ. ಇಲಿಯ ಕಿವಿಗೆ ಉರಿ ತರಿಸುವ ರಾಸಾಯನಿಕ ಹಚ್ಚುತ್ತಾರೆ. ಕಿವಿ ಕೆಂಪಾಗಿ ದಪ್ಪವಾಗುತ್ತದೆ. ಅದಕ್ಕೆ ಜೇಡಿ ಹಚ್ಚಿ, ಕೆಲವು ಗಂಟೆ ಬಿಟ್ಟು, ಕಿವಿಯಿಂದ ಒಂದು ಚೂರು ತೆಗೆದು ತೂಗುತ್ತಾರೆ. ಜೇಡಿ ಹಚ್ಚದ ಕಿವಿಗಿಂತ ತೂಕ ಕಮ್ಮಿ ಬಂದರೆ ಊತ ಇಳಿದಿದೆ ಅಂತ ಲೆಕ್ಕ. ಸೆಪಿಯೊಲೈಟ್, ಪಾಲಿಗೊರ್‌ಸ್ಕೈಟ್, ಹ್ಯಾಲೊಯ್ಸೈಟ್ ಎಂಬ ಜೇಡಿಗಳು ಊತ ತಗ್ಗಿಸುತ್ತವೆ ಅಂತ ಗೊತ್ತಾಗಿದ್ದು ಹೀಗೆ. ಆದರೆ ಹ್ಯಾಲೊಯ್ಸೈಟನ್ನೇ ಬೇರೆ ಬೇರೆ ಜಾಗದಿಂದ ತಂದು ನೋಡಿದಾಗ ಎಲ್ಲವೂ ಒಂದೇ ಸಮ ಕೆಲಸ ಮಾಡಲಿಲ್ಲ. ಇಲಿಯ ಕಿವಿ ಅಂದರೆ ಕಾಗದದಷ್ಟು ತೆಳು ಬೇರೆ. ನಿಮ್ಮತ್ತೆಯ ಕೀಲು ಇರುವುದು ಚರ್ಮದ ಕೆಳಗೆ, ಇನ್ನೂ ಆಳದಲ್ಲಿ, ಅಲ್ವಾ?

ಇನ್ನೊಂದು ಪ್ರಯೋಗ ಮಗನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಮಂಡಿನೋವಿನ ಔಷಧಿ ಪರೀಕ್ಷಿಸಬೇಕಾದರೆ ಮೊದಲು ಇಲಿಗೆ ಮಂಡಿನೋವು ಬರಿಸಬೇಕಲ್ಲ. ಅದಕ್ಕಾಗಿ ಕೀಲಿನೊಳಗೆ ಚುಚ್ಚುವುದು ಏನು ಗೊತ್ತಾ? ಕೇಯೊಲಿನ್, ಅಂದರೆ ಬಿಳಿ ಜೇಡಿ. ಜೊತೆಗೆ ಕಡಲ ಪಾಚಿಯಿಂದ ತೆಗೆದ ಕ್ಯಾರಜೀನನ್. ಕೆಲವೇ ಗಂಟೆಗಳಲ್ಲಿ ಮಂಡಿ ಊದಿ, ಇಲಿ ಆ ಕಾಲು ಊರುವುದಿಲ್ಲ. ಚರ್ಮದ ಮೇಲೆ ಹಿತವಾಗಿರುವ ಜೇಡಿ ಕೀಲಿನೊಳಗೆ ಉರಿ ಎಬ್ಬಿಸುತ್ತದೆ. ಜೇಡಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶವೂ ಕೆಡುತ್ತದೆ. ಹಾಗಾಗಿ ಮಣ್ಣಿಗೆ ಉರಿಯೂತ ಇಳಿಸುವ ಗುಣವಿದೆ ಎಂದು ಯಾರಾದರೂ ಹೇಳಿದರೆ, ಯಾವ ಮಣ್ಣು, ಎಲ್ಲಿಗೆ ಹಚ್ಚಿದ್ದು ಅಂತ ಕೇಳಲೇಬೇಕು.

ಈಗ ಆ ಪ್ಯಾಕೆಟ್. ಬೆಂಟೊನೈಟಿನಲ್ಲಿ ಹೆಚ್ಚಾಗಿ ಇರುವುದು ಮಾಂಟ್‌ಮೊರಿಲೊನೈಟ್. ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದು ಈ ಜಾತಿಯ ಜೇಡಿಯಿಂದಲೇ. ಪದರ ಪದರವಾಗಿರುತ್ತದೆ. ಒಂದು ಗ್ರಾಂ ಪುಡಿಯ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ 700ರಿಂದ 800 ಚದರ ಮೀಟರ್ ಆಗುತ್ತದೆ. ಮೈಸೂರಿನ 30-40ರ ಸೈಟು ಆರಕ್ಕಿಂತ ಜಾಸ್ತಿ! ಅಷ್ಟು ಜಾಗದಲ್ಲಿ ಸಿಕ್ಕಿದ್ದೆಲ್ಲ ಅಂಟಿಕೊಳ್ಳುತ್ತದೆ. ನಂಜು ಹಿಡಿ, ಮಾತ್ರೆ ಬಿಡು ಅಂದರೆ ಜೇಡಿಗೆ ಗೊತ್ತಾಗುವುದಿಲ್ಲ. ಅತ್ತೆಯವರು ದಿನಾ ನುಂಗುವ ಮಾತ್ರೆಯೂ ಅಂಟಬಹುದು, ಊಟದಲ್ಲಿರುವ ಕಬ್ಬಿಣದಂಶವೂ ಅಂಟಬಹುದು. ಜೇಡಿ ನೆಲದಿಂದ ಬಂದದ್ದು, ಹಾಗಾಗಿ ಅದರಲ್ಲಿ ಸೀಸವೂ ಇರಬಹುದು. 2016ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಕಾರಣಕ್ಕೆ ಕೆಲವು ಬೆಂಟೊನೈಟ್ ಪುಡಿಗಳ ಬಗ್ಗೆ ಜನರನ್ನು ಎಚ್ಚರಿಸಿತು. ಫ್ರಾನ್ಸಿನಲ್ಲಿ ಭೇದಿಗೆ ಕೊಡುವ ಶುದ್ಧ ಮಾಡಿದ ಜೇಡಿ ಔಷಧಿಯನ್ನೇ 2 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಅಂತ 2019ರಲ್ಲಿ ಹೇಳಿದರು. ಔಷಧಿ ಕಂಪನಿಯ ಜೇಡಿಗೇ ಹೀಗೆ. ಸುಮ್ನೆ ತರಿಸಿದ ಪ್ಯಾಕೆಟ್ಟಿನ ಕತೆ ಏನು?

ನಿಮ್ಮ ಭಾವನವರ ಪಟ್ಟಿನ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಗೆದ್ದಲು ಕೆಳಗಿನಿಂದ ನಯವಾದ ಮಣ್ಣನ್ನೇ ಆರಿಸಿ ತಂದು, ಎಂಜಲು ಸೇರಿಸಿ ಹುತ್ತ ಕಟ್ಟುತ್ತದೆ. ಅದಕ್ಕೇ ಹುತ್ತದ ಮಣ್ಣು ಕಲಸಿದರೆ ಬೆಣ್ಣೆ ಥರ ಬರುವುದು. ಒದ್ದೆ ಮಣ್ಣಿನ ನೀರು ಆರುತ್ತಾ ಚರ್ಮ ತಂಪಾಗುತ್ತದೆ, ನೋವು ಸ್ವಲ್ಪ ಹೊತ್ತು ಮಂದವಾಗುತ್ತದೆ. ಆದರೆ ನಮ್ಮ ಕೆಂಪು ನೆಲದಲ್ಲಿ ಹೆಚ್ಚಾಗಿರುವುದು ಕೇಯೊಲಿನ್‌ನ ಮುಖ್ಯ ಅಂಶವಾದ ಕೇಯೊಲಿನೈಟ್ ಮತ್ತು ಕಬ್ಬಿಣದ ಆಕ್ಸೈಡು, ಇಲಿಯ ಕಿವಿಗೆ ಹಚ್ಚಿದ ಸೆಪಿಯೊಲೈಟ್ ಅಲ್ಲ. ಹಿರಿಯ ಓದುಗರಿಗೆ ಆಂಟಿಫ್ಲೋಜಿಸ್ಟಿನ್ ಡಬ್ಬಿ ನೆನಪಿರಬಹುದು. ಬಿಸಿನೀರಲ್ಲಿಟ್ಟು, ಬೆಚ್ಚಗಾದ ಮೇಲೆ ಬಟ್ಟೆಗೆ ಸವರಿ ಕಟ್ಟುತ್ತಿದ್ದರು. ಅದರಲ್ಲಿದ್ದದ್ದೂ ಕೇಯೊಲಿನ್ನೇ, ಗ್ಲಿಸರಿನ್ ಜೊತೆ. ಕ್ಯಾಲಮೈನ್ ಲೋಷನ್ ಬಾಟಲಿ ಅಲ್ಲಾಡಿಸುತ್ತೀರಲ್ಲ, ಅದರಲ್ಲೂ ಎಷ್ಟೋ ಸಲ ಬೆಂಟೊನೈಟ್ ಇರುತ್ತದೆ, ಪುಡಿ ಬೇಗ ತಳಕ್ಕೆ ಕೂರದಿರಲಿ ಅಂತ.

ಇಟಲಿ, ಟರ್ಕಿಯಲ್ಲಿ ಮಂಡಿ ಸವೆದವರಿಗೆ ಬಿಸಿ ಕೆಸರಿನ ಪಟ್ಟು ಹಾಕಿ ನೋಡಿದ್ದಾರೆ. ಕೆಲವರಿಗೆ ನೋವು ಕಮ್ಮಿಯಾಗಿದೆ. ಒಂದೇ ತೊಡಕು: ಮಾತ್ರೆಯಾದರೆ ಅದರ ಬದಲು ಖಾಲಿ ಮಾತ್ರೆ ಕೊಟ್ಟು ಹೋಲಿಸಬಹುದು, ಕೆಸರಿಗೆ ಹಾಗೆ ಮಾಡುವುದು ಕಷ್ಟ. ಮೈಮೇಲೆ ಮಣ್ಣಿದೆಯೋ ಇಲ್ಲವೋ ಅಂತ ರೋಗಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಗುಣ ಮಾಡಿದ್ದು ಮಣ್ಣೋ, ಶಾಖವೋ, ನಂಬಿಕೆಯೋ ಬಿಡಿಸಿ ಹೇಳಲು ಆಗುವುದಿಲ್ಲ.

ಪ್ರಕೃತಿ ಚಿಕಿತ್ಸೆಯವರು ಮೇಲ್ಮಣ್ಣು ಬಿಟ್ಟು ಮೂರು ನಾಲ್ಕು ಅಡಿ ಕೆಳಗಿನದ್ದನ್ನು ತೆಗೆದು, ಬಿಸಿಲಿಗೆ ಹಾಕಿ, ಜರಡಿ ಹಿಡಿದು ಬಳಸುತ್ತಾರೆ. ನೀವು ಕಬ್ಬಿನ ಗದ್ದೆ ಬದುವಿನ ಹುತ್ತ ಕೆದಕಿದರೆ ಗೊಬ್ಬರ, ಕಳೆನಾಶಕ ಎಲ್ಲ ಅದರ ಜೊತೆಗೇ ಬರುತ್ತದೆ. ಗಾಯ, ಬಿರುಕು, ಕೀವು ಇದ್ದ ಕಡೆ ಯಾವ ಮಣ್ಣೂ ಬೇಡ. ಧನುರ್ವಾಯುವಿನ ಬೀಜಕಣ ಇರುವುದೇ ಮಣ್ಣಿನಲ್ಲಿ. ಹಾಗೆಯೇ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಸುವ ಮನೆಗಳಿಗೂ ಒಂದು ಮಾತು: ಅದಕ್ಕೆ ವೈರಸ್ಸಿನ ಮಾತ್ರೆ ಇದೆ, ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಜಾಸ್ತಿ ಉಪಯೋಗ. ಕೆಮ್ಮಣ್ಣು ಒಣಗುವುದನ್ನು ಕಾಯುತ್ತಾ ಕೂತರೆ ಆ ಹೊತ್ತು ಮೀರಿಹೋಗುತ್ತದೆ.

ಅತ್ತೆಯವರನ್ನು ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ. ಒಂದೇ ಮಂಡಿ ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮುಟ್ಟಿದರೆ ಸುಡುವಂತಾಗಿ, ಜ್ವರವೂ ಬಂದರೆ ಅವತ್ತೇ ಹೋಗಬೇಕು. ಕೀಲಿನೊಳಗೆ ಸೋಂಕು ಇರಬಹುದು. ಬರೀ ಸವೆತ ಅಂತ ಗೊತ್ತಾದರೆ ತೊಡೆ ಬಲಪಡಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ಪಟ್ಟಿಗಿಂತ ಅದರಿಂದ ಆಗುವ ಉಪಕಾರ ದೊಡ್ಡದು. ಆಮೇಲೂ ಭಾವನವರು ಪಟ್ಟು ಹಾಕುತ್ತೇನೆ ಅಂದರೆ ಹಾಕಲಿ. ಮಂಡಿಗೆ ಮೊದಲು ತೆಳು ಬಟ್ಟೆ ಸುತ್ತಿ, ಅದರ ಮೇಲೆ ಮಣ್ಣು, ಅರ್ಧ ಗಂಟೆ ಸಾಕು. ಶುಗರ್ ಇದ್ದು ಕಾಲು ಜೋಮು ಹಿಡಿಯುತ್ತಿದ್ದರೆ ಬಿಸಿ ಪಟ್ಟು ಮಾತ್ರ ಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.