ಕಿವಿಯೊಳಗಿನ ಸದ್ದಿಗೆ ಮಾರ್ಕ್ಸ್ ಹಾಕೋದು ಹೇಗೆ?

ಪ್ರಶ್ನೆ: ಪೀಣ್ಯದ ವರ್ಕ್‌ಶಾಪ್ ಒಂದರಲ್ಲಿ 22 ವರ್ಷ ಲೇತ್ ಮೇಲೆ ಕೆಲಸ ಮಾಡಿದವನು ನಾನು. ಎರಡು ವರ್ಷದಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ಟಿನಿಟಸ್ ಅಂತಾರೆ. ಒಂದು ಕ್ಲಿನಿಕ್ಕಿನಲ್ಲಿ ಸದ್ದಿನಿಂದ ಎಷ್ಟು ತೊಂದರೆ ಅಂತ ಕೇಳುವ, ಟಿಎಚ್‌ಐ (ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ) ಅನ್ನುವ 25 ಪ್ರಶ್ನೆಯ ಫಾರಂ ಕೊಟ್ಟರು. ಹೌದು, ಕೆಲವೊಮ್ಮೆ, ಇಲ್ಲ ಅಂತ ಟಿಕ್ ಮಾಡಬೇಕು. ಸ್ಕೋರ್ ಹೆಚ್ಚಾದಷ್ಟೂ ತೊಂದರೆ ಹೆಚ್ಚಂತೆ. ಮೊದಲ ಸಲ 100ಕ್ಕೆ 52 ಬಂತು, ಮೂರು ತಿಂಗಳ ನಂತರ 45. ‘ಏಳು ಪಾಯಿಂಟ್ ಇಳಿದಿದೆ, ಇನ್ನೊಂದು ಪ್ಯಾಕೇಜ್ ತಗೊಳ್ಳಿ’ ಅಂದರು. ಸದ್ದು ಮಾತ್ರ ಹಾಗೇ ಇದೆ. ಬೇರೆ ಕಡೆ ಹೋದರೆ ಅಲ್ಲಿ ಟಿಎಫ್‌ಐ ಅಂತ ಇನ್ನೊಂದು ಫಾರಂ, ಸ್ಕೋರ್ 58! ಯಾವುದನ್ನು ನಂಬಲಿ?

ಉತ್ತರ: ಮೊದಲು ಆ 45ರ ವಿಷಯ ಮುಗಿಸೋಣ. ಟಿಎಚ್‌ಐನಲ್ಲಿ 45 ಬರಲು ಸಾಧ್ಯವೇ ಇಲ್ಲ. ಹೌದು ಅಂದರೆ 4, ಕೆಲವೊಮ್ಮೆ ಅಂದರೆ 2, ಇಲ್ಲ ಅಂದರೆ 0. ಹೇಗೆ ಕೂಡಿದರೂ ಸಮಸಂಖ್ಯೆಯೇ ಬರಬೇಕು, ಅಲ್ವಾ? ಯಾರೋ ಕೂಡುವಾಗ ತಪ್ಪಿದ್ದಾರೆ. ಆ ಕಾಗದ ಕೇಳಿ ಪಡೆದು ನೀವೇ ಇನ್ನೊಮ್ಮೆ ಕೂಡಿ ನೋಡಿ.

44 ಇರಲಿ, 46 ಇರಲಿ, ದೊಡ್ಡ ಸುದ್ದಿಯೇನಲ್ಲ. ಈ ಫಾರಂ ಅನ್ನು 1996ರಲ್ಲಿ ಅಮೆರಿಕದಲ್ಲಿ ನ್ಯೂಮನ್, ಜೇಕಬ್‌ಸನ್, ಸ್ಪಿಟ್ಜರ್ ಎಂಬ ಮೂವರು ಮಾಡಿದರು. ಎರಡು ವರ್ಷದ ನಂತರ ಒಂದಷ್ಟು ರೋಗಿಗಳಿಂದ ಅದೇ ಫಾರಂ ಅನ್ನು ಎರಡೆರಡು ಸಲ ತುಂಬಿಸಿ ನೋಡಿದಾಗ ಗೊತ್ತಾಗಿದ್ದು ಇಷ್ಟು: ಒಬ್ಬ ವ್ಯಕ್ತಿಯ ಸ್ಕೋರ್ 20 ಪಾಯಿಂಟ್ ಬದಲಾದರೆ ಮಾತ್ರ ಅದು ನಿಜವಾದ ಬದಲಾವಣೆ ಅಂತ ಧೈರ್ಯವಾಗಿ ಹೇಳಬಹುದು. ಅದಕ್ಕಿಂತ ಕಮ್ಮಿ ಆದರೆ, ಹಿಂದಿನ ರಾತ್ರಿ ನಿದ್ದೆ ಕೆಟ್ಟಿತ್ತೋ, ಬರುವಾಗ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತು ತಲೆ ಕೆಟ್ಟಿತ್ತೋ, ಅದೂ ಕಾರಣ ಆಗಿರಬಹುದು. ಹಾಗಾದರೆ ಕ್ಲಿನಿಕ್ಕಿನವರು ಏಳು ಅಂತ ಹಿಡಿದುಕೊಂಡಿದ್ದು ಯಾಕೆ? 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಸ್ವಲ್ಪ ವಾಸಿ ಅಂದ ರೋಗಿಗಳ ಸ್ಕೋರ್ ಸರಾಸರಿ ಸುಮಾರು ಏಳು ಪಾಯಿಂಟ್ ಇಳಿದಿತ್ತು. ಅದೂ ನಿಜವೇ. ಆದರೆ ಅದು ನೂರಾರು ಜನರ ಲೆಕ್ಕ, ನಿಮ್ಮೊಬ್ಬರದಲ್ಲ. 52ಕ್ಕೂ 46ಕ್ಕೂ ಹೆಸರು ಒಂದೇ, ‘ಮಧ್ಯಮ’. 38ರಿಂದ 56ರವರೆಗೆ ಅದೇ ದರ್ಜೆ. ಈ ಏಳನ್ನು ನಂಬಿ ನಾನಂತೂ ಪ್ಯಾಕೇಜ್‌ಗೆ ದುಡ್ಡು ಕಟ್ಟುತ್ತಿರಲಿಲ್ಲ.

‘ಸದ್ದು ಹಾಗೇ ಇದೆ’ ಅಂದಿರಲ್ಲ, ಅದರಲ್ಲಿ ಆಶ್ಚರ್ಯವಿಲ್ಲ. ಈ ಫಾರಂ ಸದ್ದನ್ನು ಅಳೆಯುವುದೇ ಇಲ್ಲ. ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷಿಸುವ ತಜ್ಞರು, ಮೆಷಿನ್ನಿನಲ್ಲಿ ನಿಮ್ಮ ಸದ್ದಿಗೆ ಹೊಂದುವ ಶಬ್ದ ಹುಡುಕಿದರೆ, ಹೆಚ್ಚಿನವರಲ್ಲಿ ಅದು ಆ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಕೆಲವೇ ಡೆಸಿಬಲ್ ಮೇಲಿರುತ್ತದೆ. ಅಷ್ಟೇ ಸದ್ದಿಟ್ಟುಕೊಂಡು ಒಬ್ಬರು ಆರಾಮಾಗಿ ಓಡಾಡುತ್ತಾರೆ, ಇನ್ನೊಬ್ಬರು ರಾತ್ರಿಯಿಡೀ ಫ್ಯಾನ್ ನೋಡುತ್ತಾ ಮಲಗಿರುತ್ತಾರೆ. ಆ ವ್ಯತ್ಯಾಸ ಹಿಡಿಯಲಿಕ್ಕೇ ಈ ಪ್ರಶ್ನೆಗಳು ಬಂದಿದ್ದು: ನಿದ್ದೆ ಬರುತ್ತದಾ, ಓದಲಿಕ್ಕೆ ಆಗುತ್ತದಾ, ಮನೆಯವರ ಮೇಲೆ ರೇಗುತ್ತೀರಾ.

ಆದರೆ ಈ ಫಾರಂ ಬಗ್ಗೆ ನನಗೊಂದು ತಕರಾರಿದೆ. ಇಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಬೆಲೆ. ನಿದ್ದೆಯ ಪ್ರಶ್ನೆ ಒಂದೇ ಒಂದು. ನಿದ್ದೆಯೇ ಬರದವರಿಗೆ ಚೆನ್ನಾಗಿ ನಿದ್ದೆ ಬರತೊಡಗಿದರೂ ಇಳಿಯುವುದು ನಾಲ್ಕೇ ಪಾಯಿಂಟ್. ಟಿನಿಟಸ್ ಬಗ್ಗೆ ಗೊಣಗುವುದು ಬಿಟ್ಟರೂ ನಾಲ್ಕೇ! ನಿದ್ದೆ ವಾಪಸ್ ಬಂದವರನ್ನು ಕೇಳಿ, ಅದರ ಬೆಲೆ ಎಷ್ಟು ಅಂತ. ಹಾಗಾಗಿ ಒಟ್ಟು ಸ್ಕೋರ್ ಪಕ್ಕಕ್ಕಿಟ್ಟು, ಯಾವ್ಯಾವ ಸಾಲಿನಲ್ಲಿ ಉತ್ತರ ಬದಲಾಗಿದೆ ಅಂತ ನೋಡಿ. ಇನ್ನೊಂದು ಮಾತು. ‘ಜನರ ಮಾತು ಕೇಳಿಸಿಕೊಳ್ಳಲು ಕಷ್ಟವಾ’ ಅನ್ನುವ ಪ್ರಶ್ನೆಗೆ ಲೇತ್ ಪಕ್ಕ 22 ವರ್ಷ ನಿಂತವರು ಹೌದು ಅಂದರೆ, ಅದಕ್ಕೆ ಕಾರಣ ಟಿನಿಟಸ್ಸೋ ಮಂದವಾದ ಕಿವಿಯೋ? ಫಾರಂಗೆ ಗೊತ್ತಾಗುವುದಿಲ್ಲ. ಕಿವಿ ಪರೀಕ್ಷೆಯ ಆಡಿಯೋಗ್ರಾಂ ಪಕ್ಕದಲ್ಲಿಟ್ಟೇ ಓದಬೇಕು.

ಇನ್ನು ಟಿಎಫ್‌ಐ. ಇದು 2012ರದ್ದು. ಇದರಲ್ಲೂ 25 ಪ್ರಶ್ನೆ, ಒಟ್ಟು 100. ಹೋಲಿಕೆ ಅಲ್ಲಿಗೆ ಮುಗಿಯಿತು. ಇದು ಕಳೆದ ಒಂದು ವಾರದ ಬಗ್ಗೆ ಮಾತ್ರ ಕೇಳುತ್ತದೆ. ಉತ್ತರಕ್ಕೆ 0ಯಿಂದ 10ರವರೆಗೆ ಜಾಗ ಇರುವುದರಿಂದ ಸಣ್ಣ ಬದಲಾವಣೆಯೂ ಕಾಣುತ್ತದೆ. ನಿದ್ದೆಗೇ ಮೂರು ಪ್ರಶ್ನೆ. ಚಿಕಿತ್ಸೆಯಿಂದ ಏನಾದರೂ ಆಯಿತಾ ಅಂತ ತಿಳಿಯಲೆಂದೇ ಮಾಡಿದ ಫಾರಂ ಇದು. ಸುಮಾರು 13 ಪಾಯಿಂಟ್ ಇಳಿದರೆ ಲೆಕ್ಕಕ್ಕೆ ತಗೋಬಹುದು ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ. ಅಲ್ಲಿನ 52ಕ್ಕೂ ಇಲ್ಲಿನ 58ಕ್ಕೂ ಸಂಬಂಧವಿಲ್ಲ. ಒಂದು ಸೇರು, ಇನ್ನೊಂದು ಕಿಲೋ. ನಿಮ್ಮ ಜಾಗದಲ್ಲಿ ನಾನಿದ್ದರೆ ಟಿಎಫ್‌ಐ ಹಿಡಿದುಕೊಂಡು, ಮುಂದಿನ ಸಲವೂ ಅದನ್ನೇ ತುಂಬುತ್ತಿದ್ದೆ.

ಪ್ರಶ್ನೆ: ರಾಜಾಜಿನಗರದ ಸೊಸೆ ನಾನು. ಅತ್ತೆಗೆ 71, ಕಿವಿಯಲ್ಲಿ ಕುಕ್ಕರ್ ವಿಷಲ್ ಥರ ಸದ್ದು. ಆಸ್ಪತ್ರೆಯಲ್ಲಿ ಇಂಗ್ಲಿಷಿನ ಟಿಎಚ್‌ಐ ಫಾರಂ ಅನ್ನು ಒಬ್ಬ ಹುಡುಗಿ ಓದಿ ಓದಿ ಕನ್ನಡದಲ್ಲಿ ಕೇಳಿದಳು. ಅರ್ಧಕ್ಕೆ ನಮ್ಮ ಯಜಮಾನರೇ ಉತ್ತರ ಹೇಳಿದರು. ನಡೆಯುತ್ತಾ?

ಉತ್ತರ: ನಡೆಯೋದಿಲ್ಲ ಅಮ್ಮ. ಇಂಗ್ಲಿಷಿನಲ್ಲಿ ರೇಗುವುದಕ್ಕೆ, ಹತಾಶೆಗೆ, ಖಿನ್ನತೆಗೆ ಬೇರೆ ಬೇರೆ ಪ್ರಶ್ನೆಗಳಿವೆ. ನಿಂತಲ್ಲೇ ಅನುವಾದ ಮಾಡಿದರೆ ಮೂರಕ್ಕೂ ಒಂದೇ ಮಾತು ಬರುತ್ತದೆ: ‘ಬೇಜಾರಾಗುತ್ತಾ ಅಜ್ಜಿ?’ ಅಜ್ಜಿ ಮೂರು ಸಲವೂ ಹೂಂ ಅಂತಾರೆ, 12 ಪಾಯಿಂಟ್ ಸುಮ್ನೆ ಏರುತ್ತದೆ. ಇದಕ್ಕಾಗಿಯೇ ಟಿಎಚ್‌ಐ ಅನ್ನು ಕನ್ನಡಕ್ಕೆ ತಂದು, ರೋಗಿಗಳ ಮೇಲೆ ಪರೀಕ್ಷಿಸಿ, 2012ರಲ್ಲಿ ಪ್ರಕಟಿಸಿದ್ದಾರೆ. ಅದನ್ನೇ ಕೊಡಿ ಅಂತ ಆಡಿಯಾಲಜಿಸ್ಟ್ ಹತ್ತಿರ ಕೇಳಿ. ಅತ್ತೆಗೆ ಓದಲು ಬರದಿದ್ದರೆ ಯಾರಾದರೂ ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳಲಿ, ಎರಡನೇ ಸಲವೂ ಹಾಗೇ ಮಾಡಲಿ. ನಿಮ್ಮ ಯಜಮಾನರನ್ನು ಆಗ ಕಾಫಿಗೆ ಕಳಿಸಿ. ‘ಮನೆಯವರ ಜೊತೆ ಮನಸ್ತಾಪ ಆಗುತ್ತಾ’ ಅನ್ನುವ ಪ್ರಶ್ನೆಯೂ ಅದರಲ್ಲಿದೆ. ಮಗ ಎದುರಿಗೆ ಕೂತಿದ್ದರೆ ಯಾವ ತಾಯಿ ಹೌದು ಅಂತಾರೆ?

ಪ್ರಶ್ನೆ: ಎಡಗಿವಿಯಲ್ಲಿ ಮಾತ್ರ, ನಾಡಿ ಬಡಿದ ಹಾಗೆ ಡುಬ್ ಡುಬ್ ಸದ್ದು. ನಾನು ಯಾವ ಫಾರಂ ತುಂಬಲಿ? (ಬಸವನಗುಡಿ)

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ನಾಡಿಯ ಜೊತೆ ಬಡಿಯುವ ಸದ್ದು, ಅದೂ ಒಂದೇ ಕಡೆ ಅಂದರೆ, ರಕ್ತನಾಳದ ತೊಂದರೆ ಇದೆಯಾ ಅಂತ ಮೊದಲು ನೋಡಬೇಕು. ಈ ವಾರವೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಆ ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೆ ಈ ವಾರ ಅಲ್ಲ, ಅವತ್ತೇ.